ಅರ್ಧಹಾಡಿನ ಗುಡ್ಡ

ಹೊಳೆ ಕಡಲನ್ನು ಸೇರುವ ಅಳಿವೆಯ ಬಡಗು ದಿಕ್ಕಿಗೆ ಒಂದು ಗಿಡ್ಡ ಗುಡ್ಡವಿದೆ. ಮೇಲೆ ಮುರಕಲ್ಲಿನ ಮೋಟುಗೋಡೆ, ಅಂಚು ಸವೆದ ಒಂದು ಶಿಲುಬೆ. ಇಷ್ಟನ್ನು ನೋಡಲು ಅಷ್ಟು ಮೆಟ್ಟಿಲು ಹತ್ತಬೇಕಿತ್ತೇ ಎಂದು ಹೊಸಬರು ಗೊಣಗುವುದುಂಟು. ಊರವರು ಇದನ್ನು ಅರ್ಧಹಾಡಿನ ಗುಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ, ಪರಂಗಿಯವರ ಹಡಗು ಈ ಕರಾವಳಿಯನ್ನು ಕಾಣುವುದಕ್ಕೂ ಎಷ್ಟೋ ಮೊದಲು, ಇಲ್ಲಿ ಕ್ರೈಸ್ತ ಸನ್ಯಾಸಿನಿಯರ ಪುಟ್ಟ ಮಠವಿತ್ತಂತೆ. ಅವರಲ್ಲಿ ಶೋಶಮ್ಮ ಎಂಬಾಕೆ ಮಾತೆ ಮರಿಯಳ ಮೇಲೆ ಒಂದು ಹಾಡು ಕಟ್ಟಿದಳು. ಸಂಜೆಯ ಪ್ರಾರ್ಥನೆಯಲ್ಲಿ ಅದು ಕೇಳಿಬಂದರೆ ಅಳಿವೆಯ ತೆರೆ ತಗ್ಗುತ್ತದೆಂದು ಮೀನುಗಾರರು ನಂಬಿದರು. ಹಾಡು ಶುರುವಾಗುವ ತನಕ ದೋಣಿಗಳನ್ನು ಹೊರಗೇ ನಿಲ್ಲಿಸಿಕೊಂಡು, ಅದು ಮುಗಿಯುವುದರೊಳಗೆ ಒಳಬರುವುದು ರೂಢಿಯಾಯಿತು. ಬರಬರುತ್ತಾ ಅವರು ಶಿಲುಬೆಯನ್ನು ಬಿಟ್ಟು ಶೋಶಮ್ಮನ ಕಾಲಿಗೇ ಬೀಳತೊಡಗಿದರು. ಸುದ್ದಿ ಕೇಳಿ ಧರ್ಮಗುರುಗಳು ಬಂದರು. “ತೆರೆ ತಗ್ಗಿಸುವವಳು ನೀನೋ, ದೇವರೋ?” ಎಂದು ಕೇಳಿದರು. ಶೋಶಮ್ಮನಿಗೆ ನಿಜವಾಗಿಯೂ ತಿಳಿಯದು. ಹಾಗೆಂದೇ ಹೇಳಿದಳು. ತಿಳಿಯುವ ತನಕ ಹಾಡುವುದಿಲ್ಲವೆಂದು ಅವಳಿಂದ ಆಣೆ ಮಾಡಿಸಿ ಗುರುಗಳು ಹೊರಟುಹೋದರು. ತಿಳಿದುಕೊಳ್ಳುವುದು ಹೇಗೆಂದು ಮಾತ್ರ ಹೇಳಲಿಲ್ಲ. ದೊಡ್ಡವರ ಅಪ್ಪಣೆಗಳು ಸಾಮಾನ್ಯವಾಗಿ ಹೀಗೇ.

ಮೊದಲೆರಡು ಸಂಜೆ ಕಡಲು ಶಾಂತವಾಗಿದ್ದು ದೋಣಿಗಳು ಹಾಡಿಲ್ಲದೆಯೂ ಹೇಗೋ ಒಳಬಂದವು. ಮೂರನೆಯ ಸಂಜೆ ಬಿರುಗಾಳಿ ಎದ್ದಿತು. ಏಳು ದೋಣಿಗಳು ಹಾಡಿಗೆ ಕಾಯುತ್ತ ಅಳಿವೆಯ ಹೊರಗೆ ಓಲಾಡುತ್ತಿದ್ದವು. ಆ ದೋಣಿಗಳಲ್ಲೊಂದರಲ್ಲಿದ್ದ ಬೊಗ್ರ ಮರಕಾಲನ ಹೆಂಡತಿ ಚಿಕ್ಕು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. “ಅಮ್ಮಾ, ಹಾಡಿ! ನೀವ್ ಹಾಡ್ದೆ ಅವ್ರ್ ಒಳ್ಗ್ ಬತ್ತಿಲ್ಲೆ!” ಹಾಡಿದರೆ ಆಣೆ ಮುರಿದ ಪಾಪ, ಸುಮ್ಮನಿದ್ದರೆ ಏಳು ದೋಣಿಗಳ ಜೀವ. ಶೋಶಮ್ಮನಿಗೆ ದಿಕ್ಕೇ ತೋಚಲಿಲ್ಲ. ಕಡಲಿನತ್ತ ತಿರುಗಿ ಹಾಡಿಯೇಬಿಟ್ಟಳು. ಒಂದೊಂದಾಗಿ ಆರು ದೋಣಿಗಳು ಒಳಬಂದವು. ಅವಳ ಎದೆ ಉಬ್ಬಿತು. ನನ್ನ ಹಾಡು, ನನ್ನದೇ ಹಾಡು! ಅಷ್ಟರಲ್ಲಿ ಗುರುಗಳ ಪ್ರಶ್ನೆ ನೆನಪಾಗಿ ನಾಚಿಕೆಯಾಯಿತು. ಹಾಡು ಅರ್ಧಕ್ಕೇ ನಿಂತಿತು. ಏಳನೆಯ ದೋಣಿ, ಬೊಗ್ರನದು, ಇನ್ನೂ ಹೊರಗಿತ್ತು. ಚಿಕ್ಕು ಕಾಲು ಹಿಡಿದು ಅತ್ತಳು. ಎಷ್ಟು ತಿಣುಕಿದರೂ ಶೋಶಮ್ಮನ ಬಾಯಿಂದ ಸ್ವರವೇ ಹೊರಡಲಿಲ್ಲ.

ಆದರೂ ದೋಣಿ ಬಂತು. ನೀರು ಸೋರುವ ಮೈಯಲ್ಲೇ ಬೊಗ್ರ ಗುಡ್ಡ ಹತ್ತಿ ಕೈಮುಗಿದ. ಅರ್ಧದಲ್ಲೇ ನಿಲ್ಲಿಸಿದ್ದಕ್ಕೆ ಕ್ಷಮಿಸು ಎಂದು ಶೋಶಮ್ಮ ತಡವರಿಸಿದಳು. ಅವನು ಹೆಂಡತಿಯ ಮುಖ ನೋಡಿದ, ಇವಳ ಮುಖ ನೋಡಿದ. “ನಿಲ್ಸಿದ್ದ್ ಯಾವಾಗ ಅಮ್ಮಾ? ನಾ ಕಡೆ ತನ್ಕ ಕೇಂಡಿದೆ” ಎಂದ. ಉಳಿದ ಸನ್ಯಾಸಿನಿಯರಾರೂ ಹಾಡಿರಲಿಲ್ಲ. ಕೇಳಿದ್ದನ್ನು ಗುನುಗಿ ತೋರಿಸು ಎಂದಳು ಶೋಶಮ್ಮ. ಅವನು ಒಡಕು ದನಿಯಲ್ಲಿ ಗುನುಗಿದ. ಅದು ಅವಳು ಕಟ್ಟಿದ ರಾಗವಲ್ಲ. ಅದಕ್ಕಿಂತ ಚೆನ್ನಾಗಿತ್ತು.

ಆಮೇಲೆ ಅವಳು ಬದುಕಿರುವ ತನಕ ಅರ್ಧವನ್ನೇ ಹಾಡಿ ನಿಲ್ಲಿಸುತ್ತಿದ್ದಳು ಎನ್ನುತ್ತಾರೆ. ಇಂದಿಗೂ ಸಂಜೆ ಮೆಟ್ಟಿಲು ಹತ್ತಿದವರು ಅರ್ಧ ಹಾಡಿ ಸುಮ್ಮನಾಗುತ್ತಾರೆ. ಕೆಳಗೆ ಅಳಿವೆಯಲ್ಲಿ ದೋಣಿಗಳು ಉಳಿದರ್ಧಕ್ಕೆ ಕಿವಿಗೊಡಲು ಎಂಜಿನ್ ಆರಿಸುತ್ತವೆ. ಕೇಳಿಸಿತು ಎನ್ನುವವರಿದ್ದಾರೆ, ಬರೀ ಗಾಳಿ ಎನ್ನುವವರೂ ಇದ್ದಾರೆ. ಎಂಜಿನ್ ಆರಿಸದೆ ಹೋಗುವವರು ಮಾತ್ರ ಒಬ್ಬರೂ ಇಲ್ಲ.