‘ಇಲ್ಲ’ ಎನ್ನಿಸಿದ ನೀಲಕ್ಕ

ಬಹಳ ಹಿಂದೆ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಒಂದು ಊರಿತ್ತು. ಯಾವ ಕಾಲ ಎಂದು ಕೇಳಬೇಡಿ. ನಾನೊಂದು ಹೇಳುತ್ತೇನೆ, ಪಕ್ಕದ ಮನೆಯವರು ಇನ್ನೊಂದು ಹೇಳುತ್ತಾರೆ, ನಿಮಗೆ ತಲೆ ಕೆಡುತ್ತದೆ. ಆ ಊರಲ್ಲಿ ಗಾಳಿಯ ಲೆಕ್ಕ ಹಾಕುವ ಕಚೇರಿಯಿತ್ತು. ಬಿರುಗಾಳಿ ಬರುವುದಿದ್ದರೆ ಅಲ್ಲಿನ ಕಂಪ್ಯೂಟರ್ ಹೇಳುತ್ತಿತ್ತು, ದಡದ ಕಂಬಕ್ಕೆ ಕೆಂಪು ಬಾವುಟ ಏರುತ್ತಿತ್ತು, ಕಡಲಿಗೆ ಹೋದವರು ತಿರುಗಿ ಬರುತ್ತಿದ್ದರು.

ಆ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವಳು ಮೀನುಗಾರರ ಖಾರ್ವಿಕೇರಿಯ ನೀಲಾವತಿ, ಎಲ್ಲರ ಬಾಯಲ್ಲಿ ನೀಲಕ್ಕ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ತಲೆ. ಅದಕ್ಕೂ ಪ್ರೋಗ್ರಾಂಗಳಿಗೂ ನಡುವೆ ಕರ್ನಲ್ ಎಂಬುದು ಬಾಗಿಲು ಕಾಯುತ್ತದೆ. ಆ ಕರ್ನಲ್ಲಿಗೆ ಬುದ್ಧಿ ಹೇಳುವುದು ಅವಳ ಕೆಲಸ. ಯಂತ್ರದ ಬೆನ್ನಿಗೆ ಅಂಗೈ ಇಟ್ಟು, ಒಳಗೆ ಯಾವ ಲೆಕ್ಕ ನಡೆದಿದೆ ಎಂದು ಹೇಳುತ್ತಿದ್ದಳಂತೆ. ಬಿಸಿಯಾಗಿದೆ ಎಂದಷ್ಟೇ ಹೇಳಿರಲೂಬಹುದು.

ಕಚೇರಿಯ ಯಜಮಾನರು ಗಣಪಯ್ಯ ಮೇಸ್ತರು. ಅವರು ಹತ್ತು ಬಾಗಿಲು ತಟ್ಟಿ, ಹಳೆಯದರ ಪಕ್ಕಕ್ಕೆ ಒಂದು ಹೊಸ ಕಂಪ್ಯೂಟರ್ ತಂದರು. ಹಳೆಯದು ಒಂದೊಂದಾಗಿ ಕೂಡಿಸುವ ಸಂಖ್ಯೆಗಳನ್ನು ಹೊಸದರ ಪ್ರೊಸೆಸರ್ ಒಂದೇ ಏಟಿಗೆ ಕೂಡಿಸುತ್ತಿತ್ತಂತೆ. ನೀಲಕ್ಕ ಮಾಡಿದ್ದೇನು? ಆ ವಿದ್ಯೆ ಗೊತ್ತೇ ಎಂದು ಯಾವ ಪ್ರೋಗ್ರಾಂ ಕೇಳಿದರೂ ‘ಇಲ್ಲ’ ಎನ್ನಬೇಕೆಂದು ಕರ್ನಲ್ಲಿಗೆ ಹೇಳಿಕೊಟ್ಟಳು.

ಮೇಸ್ತರಿಗೆ ತಲೆಬುಡ ತಿಳಿಯಲಿಲ್ಲ. ಆನೆ ತಂದು ಅದನ್ನು ಕುರಿ ಎಂದು ಕರೆಯುವುದೇ? ಅವಳು ಬಿಡಿಸಿ ಹೇಳಿದಳು. ಪ್ರೋಗ್ರಾಂ ಏಳುವಾಗ ಒಂದು ಸಲ ಕೇಳುತ್ತದೆ, ಆಮೇಲೆ ಕೇಳುವುದಿಲ್ಲ. ಒಂದು ಯಂತ್ರ ಬಿಸಿಯಾದರೆ, ನಡೆಯುತ್ತಿರುವ ಪ್ರೋಗ್ರಾಂ ಅನ್ನು ಹಾಗೆಯೇ ಎತ್ತಿ ಇನ್ನೊಂದರ ಮೇಲಿಡುವುದು ಆ ಕಚೇರಿಯ ಪದ್ಧತಿ. ಹೊಸದರ ವಿದ್ಯೆಯನ್ನು ಪ್ರೋಗ್ರಾಂ ಅಲ್ಲಿಯೂ ಮಾಡೆಂದರೆ, ಹಳೆಯದಕ್ಕೆ ಅದು ಬರಬೇಕಲ್ಲ? ಮೇಸ್ತರು ತಲೆಯಾಡಿಸಿದರು, ಆದರೆ ಇನ್ನಷ್ಟು ಗೊಂದಲವಾಯಿತು. ಕೊನೆಗೆ ಅವಳೆಂದಳಂತೆ:

“ಎರಡು ದೋಣಿ ಸೇರಿ ಜೋಡಿಬಲೆ ಎಳೆಯುವಾಗ ಗಟ್ಟಿ ದೋಣಿ ತನ್ನ ಜೋರು ತೋರಿಸಿದ್ರೆ ಎಂತ ಆಗ್ತದೆ, ಮೇಸ್ತರೇ?”

ಇಲ್ಲಿ ಬಲೆ ಎಲ್ಲಿದೆ ಎಂದು ಮೇಸ್ತರು ಮೇಜಿನ ಕೆಳಗೆ ಬಗ್ಗಿ ನೋಡಿದರಂತೆ.

ಅವರು ಹಟ ಹಿಡಿದರು. ಯಜಮಾನರ ಮಾತು ಮೀರಲಾರದೆ ನೀಲಕ್ಕ ‘ಇಲ್ಲ’ವನ್ನು ತೆಗೆದಳು. ಗಾಳಿಯ ಪ್ರೋಗ್ರಾಂ ಹೊಸ ವಿದ್ಯೆ ಹಿಡಿದು ಓಡಿತು, ಲೆಕ್ಕ ಬೇಗ ಬೇಗ ಬಂತು. ಮೇಸ್ತರು ಕಚೇರಿಗೆಲ್ಲ ಬನ್ಸ್ ಹಂಚಿದರು.

ಆಮೇಲೊಂದು ಮಧ್ಯಾಹ್ನ ಹೊಸದರ ಫ್ಯಾನ್ ನಿಂತು ಅದು ಬಿಸಿಯಾಯಿತು. ಪದ್ಧತಿಯಂತೆ ಗಾಳಿಯ ಪ್ರೋಗ್ರಾಂ ಅನ್ನು ನಡುವಿನಲ್ಲೇ ಎತ್ತಿ ಹಳೆಯದರ ಮೇಲಿಟ್ಟರು. ಅದು ಅಲ್ಲಿಯೂ ಒಂದೇ ಏಟಿಗೆ ಕೂಡಿಸಲು ಹೇಳಿತು. ಹಳೆಯ ಪ್ರೊಸೆಸರಿಗೆ ಅದು ಅರ್ಥವೇ ಆಗಲಿಲ್ಲ, ಪ್ರೋಗ್ರಾಂ ಅಲ್ಲೇ ಸತ್ತುಬಿತ್ತು. ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಯಿತು. ಹಳೆಯದು ಮುಗಿಸುವಷ್ಟರಲ್ಲಿ ಪಡುವಣ ಬಾನು ಕಪ್ಪಾಗಿತ್ತು. ಬಾವುಟ ತಡವಾಗಿ ಏರಿತು. ಕಡಲಲ್ಲಿ ಮೇಸ್ತರ ತಮ್ಮ ದೇವು ಇದ್ದ.

ಮೇಸ್ತರು ದಡಕ್ಕೆ ಓಡಿದರು. ಒಂದೊಂದೇ ದೋಣಿ ಬಂತು, ಹುಟ್ಟು ಹಾಕುವ ದೋಣಿಗಳೂ ಬಂದವು. ದೇವುವಿನದು ಇಲ್ಲ. ಊರಿಗೇ ಜೋರಾದ ಇಂಜಿನ್ ಅವನದು, ಮೊದಲು ಬರಬೇಕಾದವನು ಯಾಕೆ ಬರಲಿಲ್ಲ? ಅವರು ಮೊಣಕಾಲುದ್ದ ನೀರಿಗೆ ಇಳಿದು ನೋಡಿದರು. ಬಹಳ ಹೊತ್ತಿನ ಮೇಲೆ ಅಳಿವೆಯಲ್ಲಿ ಎರಡು ದೋಣಿ ಕಂಡವು. ಮುಂದೆ ದೇವು, ಹಗ್ಗದ ತುದಿಯಲ್ಲಿ ಅವನ ಜೋಡಿಯ ಹಳೇ ದೋಣಿ. ಮೇಸ್ತರು ತಮ್ಮನನ್ನು ತಬ್ಬಿಕೊಂಡು ಅತ್ತರು, ನಿನ್ನ ಇಂಜಿನ್ನಿಗೆ ಏನಾಗಿತ್ತೆಂದು ಬೈದರು.

“ಎಂತ ಆಗ್ಲಿಲ್ಲ, ಅಣ್ಣ. ಜೋರು ಓಡಿಸಿದ್ರೆ ಹಗ್ಗ ಹರೀತಿತ್ತು. ಅವರ ದೋಣಿಗೆ ತಡೆಯುವಷ್ಟೇ ಓಡಿಸ್ದೆ.”

ಮೇಸ್ತರು ತಮ್ಮನನ್ನು ನೋಡಿದರು, ಹಗ್ಗವನ್ನು ನೋಡಿದರು. ಒದ್ದೆ ಪಂಚೆಯಲ್ಲೇ ಕಚೇರಿಗೆ ನಡೆದರು.

“ನೀಲಾ, ಇಲ್ಲ ಅಂತಲೇ ಹೇಳಿಸು” ಎಂದರಂತೆ.

ಇಂದಿಗೂ ಆ ಕಚೇರಿಗೆ ಹೊಸ ಕಂಪ್ಯೂಟರ್ ಬಂದರೆ ಮೊದಲ ಕುಂಕುಮ ಹಳೆಯದಕ್ಕೆ. ನಿನಗೆಷ್ಟು ಗೊತ್ತು ಎಂದು ಅದನ್ನು ಕೇಳಿ, ಅಷ್ಟನ್ನೇ ಹೊಸದರ ಬಾಯಲ್ಲಿ ಹೇಳಿಸುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಕಕ್ಕಾಬಿಕ್ಕಿಯಾಗಿ ಯಾಕೆಂದು ಕೇಳುತ್ತಾರೆ. ಹಳಬರು ಅವರನ್ನು ದಡಕ್ಕೆ ಕರೆದುಕೊಂಡು ಹೋಗಿ, ಜೋಡಿ ದೋಣಿಗಳು ಬರುವವರೆಗೆ ನಿಲ್ಲಿಸುತ್ತಾರೆ.