ಬರಿಬುಟ್ಟಿಯ ಸೊಸೆ

“ಗುರುಗಳೇ, ಒಂದು ಊರಿಗೆ ಬಂದವನು ಆ ಊರಿನವನೇ ಆಗುವುದು ಯಾವಾಗ?”

ಕೇಳಿದವನು ಐತಪ್ಪ. ಅವನು ಕರಾವಳಿಯಿಂದ ಬಂದು ಆಶ್ರಮ ಸೇರಿ ಎರಡು ಮಳೆಗಾಲ ಕಳೆದಿದ್ದವು. ಇಲ್ಲಿದ್ದವರೆಲ್ಲ ಬಯಲುಸೀಮೆಯವರು. ಅವನನ್ನು ಹೆಸರು ಹಿಡಿದು ಕರೆಯದೆ ‘ಕಡಲಕಡೆಯವನು’ ಎನ್ನುತ್ತಿದ್ದರು. ಅವನ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದರು. ಎಲ್ಲರಿಗೂ ದಿನವೂ ರೊಟ್ಟಿ. ಅವನ ತಟ್ಟೆಗೆ ಒಂದಿಷ್ಟು ಅನ್ನ ಬೀಳುತ್ತಿತ್ತು. ಅದನ್ನೂ ಅಡುಗೆಯವನು ‘ಕಡಲಕಡೆಯವನಿಗೆ ಹಲ್ಲು ಗಟ್ಟಿಯಿಲ್ಲ’ ಎಂದು ನಗೆಯಾಡಿಯೇ ಬಡಿಸುತ್ತಿದ್ದ.

“ಇಲ್ಲಿ ನನ್ನವರು ಅಂತ ಯಾರೂ ಇಲ್ಲ ಗುರುಗಳೇ. ಅಪ್ಪಣೆಯಾದರೆ ಹೊರಟುಹೋಗುತ್ತೇನೆ” ಎಂದ ಐತಪ್ಪ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತದೆ ಹೇಳಿದರು: “ಹೊರಡುವವನಿಗೆ ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ. ಕೂತುಕೋ. ಕಾಯಿ ಸುಲಿ. ಕಡಲಕಡೆಯವನಿಗೆ ಕಡಲ ನಡುವಿನ ಕತೆಯನ್ನೇ ಹೇಳುತ್ತೇನೆ.”

ಐತಪ್ಪ ಕೂತ. ಗುರುಗಳು ಹೇಳತೊಡಗಿದರು.

ದೂರದ ಕಡಲಿನಲ್ಲಿ ಒಂದು ನಡುಗಡ್ಡೆ. ಅದರ ನಡುವೆ ಒಂದು ಬೆಂಕಿಬೆಟ್ಟ. ಅದು ಎಷ್ಟೋ ತಲೆಮಾರಿಗೊಮ್ಮೆ ಕೆಂಡ ಉಗುಳುತ್ತದೆ. ಉಳಿದ ಕಾಲವೆಲ್ಲ ಉಂಡು ಮಲಗಿದ ಮುದುಕನ ಹಾಗೆ ಸುಮ್ಮನಿರುತ್ತದೆ.

ಬೆಟ್ಟದ ಬಡಗಣ ಮಗ್ಗುಲು ಮಣ್ಣುಸೀಮೆ. ಅಲ್ಲಿ ಊರಿಗೊಂದು ಬಣ್ಣದ ಮಣ್ಣು. ಒಂದೂರಿನದು ಕೆಂಪು, ಒಂದೂರಿನದು ಹಳದಿ, ಇನ್ನೊಂದರದು ಬೂದಿಬಣ್ಣ. ತೆಂಕಣ ಮಗ್ಗುಲು ಕಲ್ಲುಸೀಮೆ. ಹಿಂದೆಂದೋ ಹರಿದ ಬೆಂಕಿ ಆರಿ, ಕಪ್ಪು ಕಲ್ಲಾಗಿ, ಕಡಲಿನವರೆಗೂ ಹರಡಿಕೊಂಡ ಜಾಗ. ಅಲ್ಲಿ ಒಂದು ಹಿಡಿ ಮಣ್ಣಿಲ್ಲ. ಹಾಗಂತ ಜನರೂ ಇಲ್ಲ ಎಂದುಕೊಳ್ಳಬೇಡ. ಜನ ಎಲ್ಲಿಲ್ಲ? ಮೀನು ಹಿಡಿದರು, ಮೇಕೆ ಸಾಕಿದರು, ಕಲ್ಲಿನ ಮೇಲೇ ಊರು ಕಟ್ಟಿಕೊಂಡರು.

ಮಣ್ಣಿಲ್ಲದ ಊರಿಗೆ ಮಣ್ಣು ಬರುತ್ತಿದ್ದದ್ದು ಸೊಸೆಯರ ತಲೆಯ ಮೇಲೆ. ಇದು ಅವರ ಪದ್ಧತಿ. ಮಣ್ಣುಸೀಮೆಯಿಂದ ಮದುವೆಯಾಗಿ ಬರುವ ಹೆಣ್ಣು ತವರಿನಿಂದ ಒಂದು ಬುಟ್ಟಿ ಮಣ್ಣು ಹೊತ್ತು ತರಬೇಕು. ಬೆಟ್ಟದ ಹೆಗಲ ಮೇಲೆ ಹಾದುಬರುವ ಕಾಲುದಾರಿಯಲ್ಲಿ ಅರ್ಧ ದಿನದ ನಡಿಗೆ. ಆ ದಾರಿಯನ್ನು ಯಾವ ಅರಸನೂ ಕಡಿಸಿದ್ದಲ್ಲ. ಹೊತ್ತು ನಡೆದ ಹೆಣ್ಣುಮಕ್ಕಳ ಕಾಲಿನಿಂದಲೇ ಆದದ್ದು. ಅದರ ಬದಿಯಲ್ಲಿ ಇವತ್ತಿಗೂ ಕಲ್ಲಿನ ಸಂದಿನಿಂದ ಬಿಸಿ ಹಬೆ ಬರುತ್ತದೆಯಂತೆ.

ಗಂಡನ ಮನೆಯವರು ಕಲ್ಲಿನಲ್ಲಿ ಒಂದು ಗುಂಡಿ ಕಡಿದು, ಗಾಳಿ ಬೀಸುವ ಕಡೆಗೆ ಅಡ್ಡಗೋಡೆ ಕಟ್ಟಿ ಕಾದಿರುತ್ತಾರೆ. ಸೊಸೆ ತಂದ ಮಣ್ಣನ್ನು ಗುಂಡಿಗೆ ಸುರಿದು ಒಂದು ಅಂಜೂರದ ಕಡ್ಡಿ ನೆಡುತ್ತಾರೆ. ಮೇಲೆ ಕಪ್ಪು ಜಲ್ಲಿ ಹರಡುತ್ತಾರೆ. ಜಲ್ಲಿ ಇಬ್ಬನಿ ಹೀರಿ ಬೇರಿಗೆ ಕೊಡುತ್ತದೆ. ಆ ಮರ ಸೊಸೆಯದು. ಅವಳ ಹೊಟ್ಟೆಗೆ ಅದು ಆಧಾರ. ಊರವರು ಅವಳನ್ನು ಕರೆಯುವುದೂ ಅವಳು ತಂದ ಮಣ್ಣಿನ ಹೆಸರಿನಿಂದಲೇ. ಕೆಮ್ಮಣ್ಣಿನವಳು, ಬೂದಿಮಣ್ಣಿನವಳು, ಹೀಗೆ.

ಮೂರನೆಯ ವರ್ಷ ಚಿಗುರು ನೋಡುವ ದಿನ. ನಮಗೆ ಯುಗಾದಿ ಇದ್ದ ಹಾಗೆ ಅವರಿಗೆ ಅದು. ಊರ ಹಿರಿಯ ಬಂದು ಗುಂಡಿ ನೋಡುತ್ತಾನೆ. ಚಿಗುರಿದ್ದರೆ ಸರಿ. ಇಲ್ಲದಿದ್ದರೆ ಗುಂಡಿಗೆ ಕಲ್ಲು ತುಂಬಿ, ಹೆಣ್ಣನ್ನು ಅದೇ ದಾರಿಯಲ್ಲಿ ತವರಿಗೆ ಕಳಿಸಿಬಿಡುತ್ತಾರೆ. ಕಟುಕರು ಎನ್ನಬೇಡ. ಕಲ್ಲಿನ ಮೇಲೆ ಒಂದು ಬಾಯಿ ಹೆಚ್ಚಾದರೆ ಒಂದು ಮರ ಹೆಚ್ಚಾಗಲೇಬೇಕು. ಮರವಿಲ್ಲದ ವರ್ಷಗಳಲ್ಲಿ ಅವರು ಮಕ್ಕಳನ್ನು ಮಣ್ಣು ಮಾಡಿದ್ದಾರೆ, ಮಣ್ಣಿಲ್ಲದ ಊರಿನಲ್ಲಿ.

ಇನ್ನೊಂದು ಕಟ್ಟು ಇತ್ತು. ಒಬ್ಬಳು ಇನ್ನೊಬ್ಬಳಿಗೆ ಮಣ್ಣು ಕೊಡಬಾರದು. ಕೊಟ್ಟ ಮಣ್ಣಿನಲ್ಲಿ ಬೇರು ಹಿಡಿಯುವುದಿಲ್ಲ, ಕೊಟ್ಟವಳ ಮರವೂ ಒಣಗುತ್ತದೆ ಎಂದು ನಂಬಿದ್ದರು.

ಕಲ್ಲುಸೀಮೆಯ ಒಬ್ಬ ಮೀನುಗಾರನ ಮಗನಿಗೆ ಹಳದಿಮಣ್ಣಿನ ಊರಿನಲ್ಲಿ ಹೆಣ್ಣು ಗೊತ್ತಾಯಿತು. ಮದುವೆಗೆ ತಿಂಗಳಿದೆ ಎನ್ನುವಾಗ ಬೆಟ್ಟ ಎದ್ದಿತು. ಮೂರು ದಿನ ಬೆಂಕಿ ಹರಿಯಿತು. ಹಳದಿಮಣ್ಣಿನ ಊರು ಮನೆ, ಹೊಲ, ಬಾವಿ ಸಮೇತ ಕಲ್ಲಿನ ಕೆಳಗೆ ಹೋಯಿತು. ಮೇಲಿನ ಹುಲ್ಲುಗಾವಲಿನಲ್ಲಿ ಮೇಕೆ ಮೇಯಿಸುತ್ತಿದ್ದ ಆ ಹುಡುಗಿ ಒಬ್ಬಳೇ ಉಳಿದಳು.

ಮದುವೆಗೆ ಗೊತ್ತಾದ ದಿನ ಅವಳು ದಾರಿ ಇಳಿದು ಬಂದಳು. ಕಳಿಸಿಕೊಡಲು ಯಾರೂ ಇರಲಿಲ್ಲ. ತಲೆಯ ಮೇಲೆ ಬುಟ್ಟಿಯಿತ್ತು. ಬುಟ್ಟಿಯಲ್ಲಿ ಏನೂ ಇರಲಿಲ್ಲ.

ಸೊಸೆಯ ಬುಟ್ಟಿಯನ್ನು ಬಾಗಿಲಲ್ಲಿ ಇಳಿಸುವುದು ಅತ್ತೆಯ ಕೆಲಸ. ಆ ಅತ್ತೆ ಮುಂದೆ ಬಂದಳು. ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದು, ಭಾರ ಇಳಿಸುವವಳ ಹಾಗೆಯೇ ಸೊಂಟ ಬಗ್ಗಿಸಿ, ನಿಧಾನವಾಗಿ ಕೆಳಗಿಟ್ಟಳು. “ಬಾ ತಾಯಿ. ಎಷ್ಟು ದಣಿದಿದ್ದೀಯ” ಎಂದಳು. ಇದನ್ನು ಹೇಳುವಾಗಲೆಲ್ಲ ನನಗೆ ಅಳು ಬರುತ್ತದೆ. ಬರಲಿ ಬಿಡು.

ಎಲ್ಲರೂ ಆ ಅತ್ತೆಯ ಹಾಗಿರುತ್ತಾರೆಯೇ? ಊರಿನ ನಾಲಿಗೆಗೆ ಎಲುಬಿಲ್ಲ. ಗುಂಪಿನಲ್ಲಿದ್ದ ಕೆಮ್ಮಣ್ಣಿನವಳು “ಇವಳನ್ನು ಏನಂತ ಕರೆಯೋದು? ಬರಿಬುಟ್ಟಿಯವಳು ಅನ್ನೋಣವಾ?” ಎಂದಳು. ಜನ ನಕ್ಕರು. ಹೆಸರು ನಿಂತಿತು.

ಮೂರು ವರ್ಷದ ಗಡುವು ಅವಳಿಗೂ ಅಷ್ಟೇ. ಚಿಗುರಿಲ್ಲದಿದ್ದರೆ ತವರಿಗೆ ಹೋಗಬೇಕು. ಅವಳ ತವರು ಎಲ್ಲಿದೆ? ಅವಳು ಹಿರಿಯನನ್ನು ಅದನ್ನೇ ಕೇಳಿದಳು. ಹಿರಿಯ ಒಳ್ಳೆಯವನೇ. ಆದರೆ ಪದ್ಧತಿಯ ಮನುಷ್ಯ. “ಗಡುವು ಗಡುವೇ ಅಮ್ಮ” ಎಂದ.

ಕಾಲುದಾರಿಯ ನೆತ್ತಿಯಲ್ಲಿ ಒಂದು ಹಾಸುಗಲ್ಲು ಇದೆ. ಅತ್ತಣಿಂದ ಬರುವವರು ಅಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾರೆ. ಕಪ್ಪು ಕಲ್ಲು ಗಾಜಿನ ಹಾಗೆ ಕುಯ್ಯುವುದರಿಂದ ಅವರೆಲ್ಲ ಹಾಕುವುದು ಪಾದ ಪೂರ್ತಿ ಮುಚ್ಚುವ ತೊಗಲಿನ ಜೋಡು. ಹೊಲದ ದಾರಿಯಲ್ಲಿ ನಡೆದು ಬಂದಾಗ ಜೋಡಿನೊಳಗೆ ಮಣ್ಣು ಸೇರುತ್ತದೆ. ಅದನ್ನು ಆ ಕಲ್ಲಿನ ಮೇಲೆ ಕೊಡವಿ ಇಳಿಯುತ್ತಾರೆ. ಬಿಸಾಡಿದ್ದಕ್ಕೆ ಒಡೆಯರಿಲ್ಲ. ಸೊಸೆ ಒಂದು ಪೊರಕೆ, ಒಂದು ಜರಡಿ ತೆಗೆದುಕೊಂಡು ಹತ್ತಿದಳು. ಕಲ್ಲು ಗುಡಿಸಿದಳು. ಜಲ್ಲಿ ಬೇರೆ, ಮಣ್ಣು ಬೇರೆ ಮಾಡಿದಳು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಇಳಿದಳು. ಒಂದು ಹಿಡಿಯೂ ಆಗಿರಲಿಲ್ಲ.

ಹನಿಗೂಡಿದರೆ ಹಳ್ಳ ಎಂದು ಗಾದೆ ಹೇಳುವವರಿಗೇನು? ಕೂಡಿಸುವವಳ ಮೊಣಕಾಲಿಗೆ ಗೊತ್ತು. ವಾರಕ್ಕೆ ಎರಡು ಸಲ ಹತ್ತಿದಳು. ಮಂಜಿನಲ್ಲಿ ಹತ್ತಿದಳು, ಗಾಳಿಯಲ್ಲಿ ಹತ್ತಿದಳು. ವರ್ಷ ತುಂಬಿದಾಗ ಬುಟ್ಟಿಯ ತಳ ಮುಚ್ಚಿತ್ತು, ಅಷ್ಟೇ. ಹಿರಿಯ ಬಂದು ಇಣುಕಿದ. “ದಾರಿಯ ಧೂಳು ಗುಡಿಸುವುದು ತಪ್ಪಲ್ಲಮ್ಮ. ಆದರೆ ಹೀಗೇ ಆದರೆ ಇನ್ನೂ ಏಳು ವರ್ಷ ಬೇಕು” ಎಂದ. ಸೊಸೆ ಪೊರಕೆಯ ಕಟ್ಟು ಬಿಗಿ ಮಾಡಿಕೊಂಡಳು.

ಒಂದು ದಿನ ಕೆಮ್ಮಣ್ಣಿನವಳು ತವರಿನಿಂದ ಬರುತ್ತಿದ್ದಳು. ಹಾಸುಗಲ್ಲಿನ ಹತ್ತಿರ ಸೊಸೆ ಬೆನ್ನು ಮಾಡಿ ಕೂತಿದ್ದಳು. ಕಲ್ಲಿನ ಬಿರುಕಿನಲ್ಲಿ ಸಿಕ್ಕ ಮಣ್ಣನ್ನು ಒದ್ದೆ ಮಾಡಿದ ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದಳು. ಉಗುರು ಒಡೆದು ರಕ್ತ ಬಂದಿತ್ತು. ಅದು ಅವಳಿಗೆ ತಿಳಿದ ಹಾಗಿರಲಿಲ್ಲ. ಕೆಮ್ಮಣ್ಣಿನವಳು ಮಾತಾಡಿಸಲಿಲ್ಲ. ಸದ್ದಾಗದ ಹಾಗೆ ಬಳಸಿಕೊಂಡು ಇಳಿದುಹೋದಳು.

ಮುಂದಿನ ಸಲ ತವರಿನಿಂದ ಬರುವಾಗ ಅವಳು ಎರಡೂ ಜೋಡಿನೊಳಗೆ ಹಿಡಿಸುವಷ್ಟು ಮಣ್ಣು ತುಂಬಿಕೊಂಡಳು. ಅದರ ಮೇಲೇ ಪಾದ ತುರುಕಿ ಬೆಟ್ಟ ಹತ್ತಿದಳು. ಮಣ್ಣೆಂದರೆ ಬರೀ ಮಣ್ಣೇ? ಹರಳು, ಮುಳ್ಳು, ಎಲ್ಲವೂ ಇರುತ್ತದೆ. ನೆತ್ತಿ ಮುಟ್ಟುವಾಗ ಕುಂಟುತ್ತಿದ್ದಳು. ಹಾಸುಗಲ್ಲಿನ ಮೇಲೆ ಜೋಡು ಕೊಡವಿದಳು. ಕೊಡವಿದ್ದು ಕೊಟ್ಟ ಹಾಗಾಗಲಿಲ್ಲವಲ್ಲ.

ಅವಳು ಇದನ್ನು ಒಬ್ಬಳಿಗೆ ಹೇಳಿದಳು. ಆ ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಸೊಸೆಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದರೆ ಅದು ಕೊಟ್ಟ ಮಣ್ಣಾಗುತ್ತದೆ. ಅದಕ್ಕೇ ಬರಿಬುಟ್ಟಿಯವಳು ಎನ್ನುವುದನ್ನೂ ಅವರು ಬಿಡಲಿಲ್ಲ. ಬಿಟ್ಟಿದ್ದರೆ ಗುಟ್ಟು ರಟ್ಟಾಗುತ್ತಿತ್ತು.

ಆ ವರ್ಷ ಕಲ್ಲುಸೀಮೆಯ ಹೆಂಗಸರಿಗೆಲ್ಲ ತವರಿನ ಹಂಬಲ ಹೆಚ್ಚಾಯಿತು. ಹತ್ತು ವರ್ಷದಿಂದ ತವರಿನ ಕಡೆ ತಲೆ ಹಾಕದಿದ್ದ ಆ ಅತ್ತೆಗೂ ನಾಲ್ಕು ಸಲ ತವರು ನೆನಪಾಯಿತು. ಊರು ತುಂಬ ಕುಂಟುವ ಹೆಂಗಸರು. ಗಂಡಸರು ತಲೆ ಕೆರೆದುಕೊಂಡರು. ಒಬ್ಬ ನೀರಿನ ದೋಷ ಎಂದ, ಒಬ್ಬ ಗ್ರಹಚಾರ ಎಂದ. ಕೊನೆಗೆ ಎಲ್ಲರೂ ಸೇರಿ ಜೋಡು ಹೊಲಿಯುವವನನ್ನು ಬೈದರು. ಪಾಪ, ಅವನ ತಪ್ಪು ಏನೂ ಇರಲಿಲ್ಲ.

ಸೊಸೆಗೆ ಹಾಸುಗಲ್ಲಿನ ಮೇಲೆ ಪ್ರತಿ ಸಲವೂ ಬೊಗಸೆ ಬೊಗಸೆ ಮಣ್ಣು ಸಿಗತೊಡಗಿತು. ಗಾಳಿ ತಂದು ಹಾಕುತ್ತಿದೆ ಎಂದುಕೊಂಡಳು. ಗಾಳಿಗೆ ಕೈ ಮುಗಿದಳು. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಬುಟ್ಟಿ ತುಂಬಿತು. ಗುಂಡಿಗೆ ಸುರಿದು ಕಡ್ಡಿ ನೆಟ್ಟಳು. ಹಾಸುಗಲ್ಲಿನ ಮೇಲೆ ಮಣ್ಣು ಬೀಳುವುದು ಆಮೇಲೂ ನಿಲ್ಲಲಿಲ್ಲ.

ಚಿಗುರು ನೋಡುವ ದಿನ ಬಂತು. ಕಡ್ಡಿಯಲ್ಲಿ ಮೂರು ಎಲೆ ಇದ್ದವು. ಹಿರಿಯ ಎಲೆ ನೋಡಿದ. ಜಲ್ಲಿ ಸರಿಸಿ ಮಣ್ಣು ನೋಡಿದ. ಅದರಲ್ಲಿ ಕೆಂಪಿತ್ತು, ಬೂದಿಯಿತ್ತು, ಕಂದು ಬಣ್ಣವಿತ್ತು. ಅವನ ಮುಖ ಗಂಟಾಯಿತು.

“ಇದು ದಾರಿಯ ಧೂಳಲ್ಲ. ಇಷ್ಟು ಧೂಳು ಯಾವ ದಾರಿಯಲ್ಲೂ ಇಲ್ಲ. ಇದು ಕೊಟ್ಟ ಮಣ್ಣು. ಕೊಟ್ಟ ಮಣ್ಣಾದರೆ ಪದ್ಧತಿಗೆ ನಿಲ್ಲುವುದಿಲ್ಲ. ಹೆಂಗಸರೆಲ್ಲ ಬನ್ನಿ, ನೋಡಿ. ತಂತಮ್ಮ ತವರಿನ ಮಣ್ಣು ಯಾರಿಗೂ ಗುರುತು ತಪ್ಪುವುದಿಲ್ಲ. ಯಾರದ್ದೋ ಹೇಳಿ” ಎಂದ.

ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದರು. ಸೊಸೆ ಅವರ ನಡಿಗೆ ನೋಡಿದಳು. ಒಬ್ಬಳಾದರೂ ನೆಟ್ಟಗೆ ಕಾಲೂರುತ್ತಿರಲಿಲ್ಲ. ಆಗ ಅವಳಿಗೆ ಎಲ್ಲವೂ ತಿಳಿಯಿತು. ಬಾಯಿ ತೆರೆದಳು. ಕೆಮ್ಮಣ್ಣಿನವಳು ಕಣ್ಣು ಕೆಂಪಗೆ ಮಾಡಿ ನೋಡಿದಳು. ಸೊಸೆ ಬಾಯಿ ಮುಚ್ಚಿಕೊಂಡಳು.

ಕೆಮ್ಮಣ್ಣಿನವಳು ಗುಂಡಿಗೆ ಬಗ್ಗಿ, ಅಂಗೈಯಲ್ಲಿ ಮಣ್ಣು ಹಿಡಿದು ನೋಡಿದಳು. ತಾನು ಹುಟ್ಟಿದ ಅಂಗಳದ ಮಣ್ಣು. “ನನ್ನದಲ್ಲ” ಎಂದಳು. ಬೂದಿಮಣ್ಣಿನವಳು ನೋಡಿ ನನ್ನದಲ್ಲ ಎಂದಳು. ಹಾಗೆಯೇ ಎಲ್ಲರೂ ಎಂದರು. ಅತ್ತೆಯೂ ಎಂದಳು.

ಕೊನೆಗೆ ಉಳಿದವಳು ಹಿರಿಯನ ಹೆಂಡತಿ. ಅವಳೂ ಕುಂಟುತ್ತಲೇ ಬಂದಳು. ನೋಡಿ, ಕೈ ಕೊಡವಿ, ಗಂಡನ ಕಡೆ ತಿರುಗಿ ಹೇಳಿದಳು: “ಯಾವ ತವರಿನದೂ ಅಲ್ಲ ಅಂದಮೇಲೆ ಇದು ಈ ಊರಿನ ಮಣ್ಣೇ ಆಗಬೇಕಲ್ಲ? ನಾವೆಲ್ಲ ಬೇರೆ ಊರಿನ ಮಣ್ಣಿನವರು. ಇವಳೊಬ್ಬಳೇ ನೋಡಿ, ಇದೇ ಊರಿನವಳು.”

ಹಿರಿಯ ಹೆಂಡತಿಯ ಕಾಲು ನೋಡಿದ. ಪಕ್ಕದವಳ ಕಾಲು ನೋಡಿದ. ಸಾಲಿನ ಉದ್ದಕ್ಕೂ ನೋಡಿದ. ಆಮೇಲೆ ಎದ್ದು ನಿಂತು ಸೊಸೆಯನ್ನು ಊರ ಮುಂದೆ ಕೂಗಿ ಕರೆದ, “ಊರಮಣ್ಣಿನವಳೇ” ಎಂದು. ಅವಳು ಅಲ್ಲೇ ಕುಸಿದು ಕೂತು ಅತ್ತಳು. ಊರು ಹೋದ ದಿನದಿಂದ ಅವಳು ಅತ್ತಿರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಅವರೆಕಾಯಿ ಮುಗಿದಿತ್ತು. ಐತಪ್ಪನ ಮುಖ ಸ್ವಲ್ಪ ತಿಳಿಯಾಗಿತ್ತು.

“ಅರ್ಥವಾಯಿತು ಗುರುಗಳೇ. ಅವಳು ಬೇಸರಪಡದೆ ಗುಡಿಸಿದಳು, ಗೆದ್ದಳು. ನಾನೂ ಹಾಗೇ ತಾಳಿಕೊಂಡಿರಬೇಕು. ಅಲ್ಲವೇ?”

ಗುರುಗಳು ಸಿಪ್ಪೆಯನ್ನು ಒಟ್ಟು ಮಾಡುತ್ತ ಅವನ ಮುಖ ನೋಡಿದರು.

“ನೀನು ಬಂದಾಗಿನಿಂದ ಇಲ್ಲಿ ಯಾರು ಯಾರು ಕುಂಟುತ್ತಿದ್ದಾರೆ, ಒಂದು ದಿನವಾದರೂ ನೋಡಿದ್ದೀಯಾ?”

ಐತಪ್ಪ ಅಡುಗೆಮನೆಯ ಕಡೆ ತಿರುಗಿ ನೋಡಿದ. ರೊಟ್ಟಿಯ ಒಲೆಯ ಪಕ್ಕದಲ್ಲಿ ಅವನೊಬ್ಬನಿಗಾಗಿ ಅನ್ನದ ಗಡಿಗೆ ಕುದಿಯುತ್ತಿತ್ತು.