ಹಳ್ಳ ದಾಟಿಸಿದ ಕುರ್ಚಿ

“ಗುರುಗಳೇ, ಒಂದು ವರ್ಷದಿಂದ ದಿನವೂ ನಿಮಗೆ ಪಾಠ ಒಪ್ಪಿಸುತ್ತಿದ್ದೇನೆ. ಒಂದು ತಪ್ಪೂ ಆಗಿಲ್ಲ. ಆದರೂ ಪರೀಕ್ಷೆಯನ್ನು ನೆನೆದರೆ ಭಯವಾಗುತ್ತದೆ. ನಿಮ್ಮಿಂದ ನನಗೇಕೆ ನೆರವು ದೊರೆಯುತ್ತಿಲ್ಲ?” ಎಂದು ಶಿಷ್ಯನು ಕೇಳಿದನು.

“ಯಾವ ಪಾಠವನ್ನು ಒಪ್ಪಿಸಬೇಕೆಂದು ಆರಿಸುವವರು ಯಾರು?”

“ನಾನೇ, ಗುರುಗಳೇ.”

“ನೆಟ್ಟಗೆ ಕುಳಿತು ಕೇಳು” ಎಂದು ಗುರುವು ಹೇಳತೊಡಗಿದನು.

ಒಂದು ಹಳ್ಳಿಗೂ ಪಟ್ಟಣಕ್ಕೂ ನಡುವೆ ಒಂದು ಹಳ್ಳವಿತ್ತು. ದಾಟಲು ಇದ್ದದ್ದು ಒಂದೇ ಕಾಲುದಾರಿ. ಸೈಕಲ್ ತಂದವರು ಅದನ್ನು ಹೆಗಲಿಗೇರಿಸಿ ಕೆಸರಿಗಿಳಿಯಬೇಕು. ಆಸ್ಪತ್ರೆ ಇದ್ದದ್ದು ಆಚೆಯ ದಡದಲ್ಲಿ. ಹಿಂದಿನ ಮಳೆಗಾಲದಲ್ಲಿ ಒಬ್ಬ ಹೆಂಗಸು ಹಳ್ಳದ ನಡುವೆಯೇ ಹೆತ್ತಳು. ಮಗು ಉಳಿಯಲಿಲ್ಲ.

ಆ ವರ್ಷ ಸರಕಾರವು ನಡೆಯುವವರ ಮತ್ತು ಸೈಕಲ್ಲಿನವರ ದಾರಿಗಳಿಗೆ ಅನುದಾನ ಸಾರಿತು. ಏಳು ಹಳ್ಳಿಗಳು ಅರ್ಜಿ ಹಾಕಿದವು. ದೊರೆಯುವುದು ಒಂದಕ್ಕೆ ಮಾತ್ರ. ಒಬ್ಬ ಅಧಿಕಾರಿ ಪ್ರತಿಯೊಂದು ದಾರಿಯನ್ನೂ ಒಮ್ಮೆ ದಾಟಿ, ತಾನು ಕಂಡ ಕಷ್ಟವನ್ನು ಬರೆಯಬೇಕೆಂಬುದು ನಿಯಮ.

ಹಳ್ಳಿಯಲ್ಲಿ ಒಬ್ಬ ನೇಕಾರನಿದ್ದನು. ಅವನ ಹೆಂಡತಿಗೆ ಎಂಟು ತಿಂಗಳು ತುಂಬಿತ್ತು. ಅವನು ದಿನವೂ ಎರಡು ಸಲ ದಡಕ್ಕೆ ಹೋಗಿ ನೀರಿನ ಮಟ್ಟ ನೋಡಿ ಬರುತ್ತಿದ್ದನು. ರಾತ್ರಿ ಅವಳು ಮಗ್ಗುಲು ಬದಲಿಸಿದರೆ ಎದ್ದು ಕೂರುತ್ತಿದ್ದನು.

ಅಧಿಕಾರಿ ಬರುವ ದಿನ ಗೊತ್ತಾಯಿತು. ಊರ ಹಿರಿಯನು ದಾರಿಯ ಮುಳ್ಳು ಕಡಿಸಿದನು. ಗುಂಡಿಗಳಿಗೆ ಮರಳು ತುಂಬಿಸಿದನು. ಊರಿಗೆ ಬಂದ ಅತಿಥಿಯ ಕಾಲಿಗೆ ಹಳ್ಳದ ಕೆಸರು ತಾಗಬಾರದೆಂಬುದು ಅಲ್ಲಿಯ ಪದ್ಧತಿ. ಎರಡು ಬಿದಿರುಗಳಿಗೆ ಒಂದು ಕುರ್ಚಿಯನ್ನು ಕಟ್ಟಿಸಿದನು. ಹೊರಲು ನಾಲ್ವರನ್ನು ಆರಿಸಿದನು. ಅವರಲ್ಲಿ ನೇಕಾರನೂ ಒಬ್ಬನು. ಆ ಕೆಸರನ್ನು ಅವನಷ್ಟು ಬಲ್ಲವರು ಊರಿನಲ್ಲಿರಲಿಲ್ಲ.

ಅಧಿಕಾರಿ ಬಂದನು. ಚಪ್ಪಲಿ ಕಳಚಲು ಬಾಗಿದನು. ಹಿರಿಯನು ತಡೆದನು.

“ಬೇಡಿ ಸ್ವಾಮಿ. ತಾವು ಕೆಸರು ತುಳಿದರೆ ನಮ್ಮ ಊರಿನ ಮಾನ ಹೋಗುತ್ತದೆ.”

ಅಧಿಕಾರಿ ಕುರ್ಚಿಯಲ್ಲಿ ಕುಳಿತನು. ದಡದಲ್ಲಿದ್ದ ಒಬ್ಬ ಮುದುಕಿ ನೇಕಾರನ ಕಿವಿಯ ಬಳಿ, “ಹೊರು ಮಗನೇ, ಚೆನ್ನಾಗಿ ಹೊರು. ನಿನ್ನ ಹೆಂಡತಿಗೆ ನೋವು ಬಂದ ದಿನವೂ ಈ ಕುರ್ಚಿ ಕಟ್ಟಿಸುತ್ತಾರೋ ಕೇಳಿಕೋ” ಎಂದಳು.

ನೇಕಾರನು ಬಿದಿರನ್ನು ಹೆಗಲಿಗೇರಿಸಿದನು. ಹಳ್ಳದ ನಡುವೆ ಅವನ ಕಾಲು ಮೊಣಕಾಲಿನವರೆಗೆ ಹೂತಿತು. ಒಮ್ಮೆ ಜಾರಿದರೆ ಸಾಕು, ಅಧಿಕಾರಿಗೆ ಎಲ್ಲವೂ ತಿಳಿಯುತ್ತದೆ ಎಂದು ಅವನಿಗೆ ಅನ್ನಿಸಿತು. ಅತಿಥಿಯನ್ನು ಬೀಳಿಸಿದವನೆಂಬ ಹೆಸರು ಬರುವುದೆಂದೂ ಅನ್ನಿಸಿತು. ಅವನು ಕಾಲ್ಬೆರಳುಗಳನ್ನು ಕೆಸರಿಗೆ ಊರಿದನು. ಕುರ್ಚಿ ಅಲುಗಲಿಲ್ಲ.

ಹಳ್ಳ ದಾಟಿದ ಮೇಲೆ ಅಧಿಕಾರಿ ಕೇಳಿದನು: “ಈ ದಾರಿಯಲ್ಲಿ ನಿಮಗೇನು ತೊಂದರೆ?”

ಹಿರಿಯನು ಕೈ ಮುಗಿದನು. “ತೊಂದರೆಯೇನು ಸ್ವಾಮಿ, ತಾವು ಬಂದದ್ದೇ ನಮ್ಮ ಭಾಗ್ಯ. ಮೊದಲು ಎಳನೀರು ತೆಗೆದುಕೊಳ್ಳಿ.”

ನೇಕಾರನು ಬಾಯಿ ತೆರೆದನು. ಹಿರಿಯನು ಅವನತ್ತ ನೋಡಿದನು. ನೇಕಾರನು ಕಾಲಿನ ಕೆಸರು ತೊಳೆಯಲು ನೀರಿಗಿಳಿದನು.

ಇಪ್ಪತ್ತು ದಿನಗಳ ಮೇಲೆ ಕಾಗದ ಬಂದಿತು. “ದಾರಿ ಸ್ವಚ್ಛವಾಗಿದೆ. ಹಳ್ಳವನ್ನು ಸುಗಮವಾಗಿ ದಾಟಬಹುದು. ಸದ್ಯ ಅನುದಾನದ ಅಗತ್ಯ ಕಂಡುಬರುವುದಿಲ್ಲ.” ಹಿರಿಯನು ಅದನ್ನು ಎರಡು ಸಲ ಓದಿದನು. ನೇಕಾರನು ಕೇಳಿಸಿಕೊಂಡು ದಡಕ್ಕೆ ಹೋದನು. ಮರಳು ಆಗಲೇ ಕೊಚ್ಚಿಹೋಗಿತ್ತು. ಬೆಳಿಗ್ಗೆ ಕಂಡಿದ್ದ ಕಲ್ಲು ಸಂಜೆಗೆ ನೀರಿನಡಿ ಸೇರಿತ್ತು. ಹಿಂದಿನಿಂದ ಯಾರೋ ಅವನ ಹೆಸರು ಹಿಡಿದು ಕೂಗುತ್ತಾ ಓಡಿಬರುತ್ತಿದ್ದರು.

ಗುರುವು ಅಲ್ಲಿಗೆ ನಿಲ್ಲಿಸಿದನು.

ಶಿಷ್ಯನು “ಅವನ ಹೆಂಡತಿ ಏನಾದಳು, ಗುರುಗಳೇ?” ಎಂದು ಕೇಳಿದನು.

“ನಾಳೆ ನಿನಗೆ ಬಾರದ ಪಾಠವನ್ನು ಒಪ್ಪಿಸು” ಎಂದನು ಗುರು.